ಮನೆಯಲ್ಲೇ ಎಂಜಿನಿಯರಿಂಗ್: ಮಕ್ಕಳ ಜೊತೆ ಕೂತು ಮಾಡುವ ನಾಲ್ಕು ಕೆಲಸಗಳು

ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ ಇದೆ ಅಂದ ತಕ್ಷಣ ಸ್ಟೇಷನರಿ ಅಂಗಡಿಗೆ ಓಡಿ ಥರ್ಮೋಕೋಲ್, ಬಣ್ಣ, ಹೊಳೆಯುವ ಕಾಗದ ತರುವುದು ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ರಾತ್ರಿ ಅಪ್ಪ ಅಮ್ಮ ಕತ್ತರಿಸಿ ಅಂಟಿಸುತ್ತಾರೆ. ಮಗು ಅಷ್ಟರಲ್ಲಿ ನಿದ್ದೆ ಹೋಗಿರುತ್ತದೆ. ಮಾಡೆಲ್ ನೋಡಲು ಚೆನ್ನಾಗೇ ಇರುತ್ತದೆ. ಆದರೆ ಅದು ಏನನ್ನೂ ಹೊರುವುದಿಲ್ಲ, ಎತ್ತುವುದಿಲ್ಲ, ತಿರುಗುವುದಿಲ್ಲ. ಯಾಕೆ ಹೀಗೆ ಮಾಡಿದೆ ಅಂತ ಕೇಳಿದರೆ ಮಗುವಿನ ಹತ್ತಿರ ಉತ್ತರ ಇರುವುದಿಲ್ಲ.

ಈ ಬರಹದಲ್ಲಿರುವ ನಾಲ್ಕು ಕೆಲಸಗಳು ಬೇರೆ ಥರದವು. ಇಲ್ಲಿ ಮಾಡುವ ಪ್ರತಿಯೊಂದಕ್ಕೂ ಒಂದು ಕೆಲಸ ಇದೆ. ಭಾರ ಹೊರಬೇಕು, ಮೇಲೆತ್ತಬೇಕು, ತಾನಾಗಿ ನೀರು ಬಿಡಬೇಕು, ತಿರುಗಬೇಕು. ಎಷ್ಟು ಚೆನ್ನಾಗಿ ಮಾಡಿತು ಅನ್ನುವುದನ್ನು ಸ್ಕೇಲು, ತಕ್ಕಡಿ, ಗಡಿಯಾರ ಹಿಡಿದು ಅಳೆಯಬಹುದು. ಅಳೆದ ಮೇಲೆ ಒಂದನ್ನು ಬದಲಿಸಿ ಮತ್ತೆ ಅಳೆಯಬೇಕು. ಎಂಜಿನಿಯರಿಂಗ್ ಅಂದರೆ ಇದೇ. ಮಾಡೆಲ್ ಚಂದ ಕಾಣುವುದು ಆಮೇಲಿನ ಮಾತು.

ಶುರು ಮಾಡುವ ಮುಂಚೆ

ಒಂದು ಹಳೆಯ ಶೂ ಡಬ್ಬ ತೆಗೆದುಕೊಳ್ಳಿ. ಅದರಲ್ಲಿ ಕತ್ತರಿ, 30 ಸೆಂ.ಮೀ. ಸ್ಕೇಲು, ಸೆಲ್ಲೋಟೇಪ್, ಫೆವಿಕಾಲ್, ರಬ್ಬರ್ ಬ್ಯಾಂಡ್, ಕಡ್ಡಿಪೊರಕೆಯ ಒಂದು ಹಿಡಿ ಕಡ್ಡಿ, ಒಂದು ದಬ್ಬಳ, ಸೇಫ್ಟಿ ಪಿನ್, ಉಪ್ಪುಕಾಗದ ಹಾಕಿಡಿ. ಕೊರಿಯರ್ ರಟ್ಟಿನ ಡಬ್ಬಗಳನ್ನು ಎಸೆಯಬೇಡಿ. ಅಡುಗೆಮನೆಯಲ್ಲಿ ಡಿಜಿಟಲ್ ತಕ್ಕಡಿ ಇದ್ದರೆ ತುಂಬ ಅನುಕೂಲ. ಇಲ್ಲದಿದ್ದರೆ ಒಂದೇ ಥರದ ನಾಣ್ಯಗಳನ್ನು ಎಣಿಸಿದರೂ ಸಾಕು. ಬೇರೆ ಬೇರೆ ವರ್ಷದ ರೂಪಾಯಿ ನಾಣ್ಯಗಳ ತೂಕ ಬೇರೆ ಬೇರೆ ಇರುತ್ತದೆ, ಹಾಗಾಗಿ ನೋಡಲು ಒಂದೇ ಥರ ಇರುವುದನ್ನೇ ಆರಿಸಿ.

ಜೊತೆಗೆ ಒಂದು ನೋಟ್‌ಬುಕ್ ಬೇಕೇ ಬೇಕು. ಪ್ರತಿ ಸಲ ಏನು ಬದಲಿಸಿದೆವು, ಏನಾಯಿತು ಅಂತ ಮಗುವೇ ಬರೆಯಲಿ. ಅಕ್ಷರ ಸೊಟ್ಟಗಿದ್ದರೂ ಪರವಾಗಿಲ್ಲ, ಕಾಗುಣಿತ ತಿದ್ದಲು ಹೋಗಬೇಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು ಮುಖ್ಯ. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ದೊಡ್ಡವರಿಗೆ ಕಷ್ಟವಾಗುವುದು ಕೈ ಕಟ್ಟಿ ಕೂರುವುದು. "ಅಮ್ಮಾ, ಆಗ್ತಿಲ್ಲ" ಅಂತ ಮಗು ಕೂಗಿದ ಕೂಡಲೇ ಕೈಯಿಂದ ಕಿತ್ತುಕೊಂಡು ಸರಿಮಾಡಿ ಕೊಡಬೇಡಿ. "ಎಲ್ಲಿ ಆಗ್ತಿಲ್ಲ, ತೋರಿಸು" ಅನ್ನಿ. ಎಲ್ಲಿ ಬಗ್ಗುತ್ತಿದೆ, ಎಲ್ಲಿ ಸೋರುತ್ತಿದೆ, ಎಲ್ಲಿ ಸಿಕ್ಕಿಕೊಂಡಿದೆ ಅಂತ ಬೆರಳಿಟ್ಟು ತೋರಿಸುವಷ್ಟರಲ್ಲಿ ಅರ್ಧ ಉತ್ತರ ಮಗುವಿಗೇ ಹೊಳೆದಿರುತ್ತದೆ. ಬ್ಲೇಡ್ ಕಟರ್, ಬಿಸಿ ಮೊಳೆ ಹಿಡಿಯುವ ಕೆಲಸ ಮಾತ್ರ ನಿಮ್ಮದು. ಗೋಡೆಯ ಪ್ಲಗ್ ಪಾಯಿಂಟಿನ ಕರೆಂಟು ಇಲ್ಲಿನ ಯಾವ ಕೆಲಸಕ್ಕೂ ಬೇಡ.

ಮೊದಲನೆಯದು: ಒಂದೇ ಹಾಳೆಯ ಸೇತುವೆ

ಆರು ವರ್ಷದ ಮಗುವೂ ಇದನ್ನು ಮಾಡಬಹುದು. ಖರ್ಚು ಏನೂ ಇಲ್ಲ. ಒಂದು ಮಧ್ಯಾಹ್ನ ಸಾಕು.

ಒಂದೇ ಎತ್ತರದ ಎರಡು ಪುಸ್ತಕದ ರಾಶಿ ಮಾಡಿ, ನಡುವೆ 20 ಸೆಂ.ಮೀ. ಜಾಗ ಬಿಡಿ. ಎ4 ಹಾಳೆಯ ಉದ್ದ 29.7 ಸೆಂ.ಮೀ. ಅಂದರೆ ಎರಡೂ ಕಡೆ ಸುಮಾರು 5 ಸೆಂ.ಮೀ. ಕೂರಲು ಜಾಗ ಸಿಗುತ್ತದೆ. ಷರತ್ತು ಇಷ್ಟೇ: ಒಂದೇ ಹಾಳೆ, ಹಾಳೆಯನ್ನು ಪುಸ್ತಕಕ್ಕೆ ಅಂಟಿಸುವ ಹಾಗಿಲ್ಲ, ಭಾರ ನಡುವೆಯೇ ಇಡಬೇಕು.

ಮೊದಲು ಹಾಳೆಯನ್ನು ಹಾಗೇ ಹಾಸಿ ಒಂದು ನಾಣ್ಯ ಇಡಲು ಹೇಳಿ. ಹಾಳೆ ಕುಸಿದು ಕೆಳಗೆ ಬೀಳುತ್ತದೆ. ಈಗ ಏನೂ ಹೇಳಿಕೊಡದೆ ಸುಮ್ನೆ ಬಿಡಿ. ಹೆಚ್ಚಿನ ಮಕ್ಕಳು ಹಾಳೆಯನ್ನು ಮಡಚಿ ಮಡಚಿ ದಪ್ಪ ಪಟ್ಟಿ ಮಾಡುತ್ತಾರೆ. ಅದು ಒಂದಿಷ್ಟು ಹೊರುತ್ತದೆ, ಆದರೆ ತುಂಬ ಅಲ್ಲ. ಅದರ ತೂಕ ನೋಟ್‌ಬುಕ್ಕಿಗೆ ಹೋಗಲಿ. ಆಮೇಲೆ ಎರಡು ಉದ್ದದ ಅಂಚನ್ನು 3 ಸೆಂ.ಮೀ. ಮೇಲಕ್ಕೆ ಮಡಚಿ ತೊಟ್ಟಿಯ ಹಾಗೆ ಮಾಡಿಸಿ. ಭಾರ ನಡುವಿಗೆ ಇಟ್ಟಾಗ ಅಂಚುಗಳು ಹೊರಕ್ಕೆ ವಾಲುತ್ತವೆಯೋ ಒಳಕ್ಕೋ ನೋಡಿ. ಕೊನೆಗೆ ಉದ್ದಕ್ಕೆ ಗೆರೆ ಬರುವ ಹಾಗೆ 1 ಸೆಂ.ಮೀ.ಗೆ ಒಂದರಂತೆ ಹಿಂದೆ ಮುಂದೆ ಮಡಿಕೆ ಹಾಕಿ, ಬೀಸಣಿಗೆ ಮಾಡುವ ಥರ. ಈಗ ಅದೇ ಹಾಳೆ, ಐದು ಗ್ರಾಂ ಕೂಡ ತೂಗದ ಹಾಳೆ, ತನ್ನ ತೂಕದ ಎಷ್ಟೋ ಪಟ್ಟು ಹೊರುತ್ತದೆ. ಮಗುವಿನ ಮುಖ ಆಗ ನೋಡಬೇಕು.

ಯಾಕೆ ಅಂತ ತೋರಿಸಲು ಪ್ಲಾಸ್ಟಿಕ್ ಸ್ಕೇಲು ಸಾಕು. ಅಡ್ಡ ಮಲಗಿಸಿ ನಡುವೆ ಒತ್ತಿದರೆ ಬಗ್ಗುತ್ತದೆ. ಅಂಚಿನ ಮೇಲೆ ನಿಲ್ಲಿಸಿ ಒತ್ತಿದರೆ ಜಗ್ಗುವುದೇ ಇಲ್ಲ. ಪ್ಲಾಸ್ಟಿಕ್ ಅಷ್ಟೇ ಇದೆ, ಬದಲಾಗಿದ್ದು ಎತ್ತರ. ತೊಲೆಯ ಅಗಲ ಅಷ್ಟೇ ಇಟ್ಟು ಎತ್ತರ ಎರಡು ಪಟ್ಟು ಮಾಡಿದರೆ ಅದು ಬಗ್ಗದೆ ನಿಲ್ಲುವ ಶಕ್ತಿ ಎಂಟು ಪಟ್ಟಾಗುತ್ತದೆ. ಮಡಿಕೆ ಹಾಕಿದಾಗ ನಾವು ಹಾಳೆಗೆ ಎತ್ತರ ಕೊಟ್ಟೆವು. ತಗಡಿನ ಶೀಟು ಅಲೆ ಅಲೆಯಾಗಿರುವುದಕ್ಕೂ ಇದೇ ಕಾರಣ. ಬೀದಿಯಲ್ಲಿ ಹೋಗುವಾಗ ಒಂದು ಶೆಡ್ ತೋರಿಸಿ ಕೇಳಿ, ಮಗುವೇ ಹೇಳುತ್ತದೆ.

ಇಲ್ಲಿಗೆ ನಿಲ್ಲಿಸಬೇಡಿ. ಸೇತುವೆ ಹೇಗೆ ಮುರಿಯುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಿ. ಹೆಚ್ಚಿನ ಸಲ ಹಾಳೆ ಹರಿಯುವುದಿಲ್ಲ. ಭಾರ ಜಾಸ್ತಿಯಾದಾಗ ಮಡಿಕೆಗಳು ಬಿಚ್ಚಿಕೊಂಡು ಅಕ್ಕಪಕ್ಕಕ್ಕೆ ಹರಡುತ್ತವೆ, ಎತ್ತರ ಹೋಗುತ್ತದೆ, ಕುಸಿಯುತ್ತದೆ. ಹಾಗಾದರೆ ಹರಡದಂತೆ ಏನು ಮಾಡಬಹುದು? ಅಡಿಗೆ ಟೇಪಿನ ಒಂದು ಪಟ್ಟಿ ಅಡ್ಡಕ್ಕೆ ಹಾಕಿ ನೋಡಿ. ಭಾರವನ್ನು ನೇರವಾಗಿ ಇಡದೆ ಒಂದು ಚಿಕ್ಕ ರಟ್ಟಿನ ತುಂಡಿನ ಮೇಲೆ ಇಟ್ಟು ನೋಡಿ. ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಒಂದು ಸಾಲು.

ಸ್ವಲ್ಪ ದೊಡ್ಡ ಮಕ್ಕಳಿಗೆ ಮುಂದಿನ ಹೆಜ್ಜೆ ಪೊರಕೆಕಡ್ಡಿ. ನಾಲ್ಕು ಕಡ್ಡಿಗಳನ್ನು ರಬ್ಬರ್ ಬ್ಯಾಂಡಿನಿಂದ ಚೌಕ ಕಟ್ಟಿಸಿ. ಮೂಲೆ ಹಿಡಿದು ತಳ್ಳಿದರೆ ಸೊಟ್ಟಗಾಗುತ್ತದೆ. ಮೂರರಿಂದ ತ್ರಿಕೋನ ಕಟ್ಟಿಸಿ. ಕಡ್ಡಿ ಮುರಿದರೂ ಆಕಾರ ಬಿಡುವುದಿಲ್ಲ. ಚೌಕಕ್ಕೆ ಮೂಲೆಯಿಂದ ಮೂಲೆಗೆ ಒಂದು ಕಡ್ಡಿ ಸೇರಿಸಿದರೆ ಅದೂ ಗಟ್ಟಿ. ಹಳೆಯ ರೈಲ್ವೆ ಸೇತುವೆಗಳ ಕಬ್ಬಿಣದ ಚೌಕಟ್ಟಿನ ತುಂಬ ತ್ರಿಕೋನಗಳೇ ಯಾಕಿವೆ ಅನ್ನುವುದು ಆಗ ಕಾಣುತ್ತದೆ.

ಶ್ರೀರಂಗಪಟ್ಟಣದ ಕಡೆ ಹೋದರೆ ವೆಲ್ಲೆಸ್ಲಿ ಸೇತುವೆ ನೋಡಿಸಿ. ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ 1804ರಲ್ಲಿ ಕಾವೇರಿಗೆ ಕಟ್ಟಿದ್ದು. ಕಂಬವೂ ಕಲ್ಲು, ತೊಲೆಯೂ ಕಲ್ಲು. ಕಂಬಗಳು ಒಂದಕ್ಕೊಂದು ಎಷ್ಟು ಹತ್ತಿರ ಇವೆ ಅಂತ ಗಮನಿಸಲು ಹೇಳಿ. ಕಲ್ಲನ್ನು ಒತ್ತಿದರೆ ಎಷ್ಟು ಬೇಕಾದರೂ ತಾಳುತ್ತದೆ, ಎಳೆದರೆ ತಾಳುವುದಿಲ್ಲ. ತೊಲೆ ಬಗ್ಗಿದಾಗ ಅದರ ಅಡಿಭಾಗ ಎಳೆತಕ್ಕೆ ಸಿಗುತ್ತದೆ. ಅದಕ್ಕೇ ಕಲ್ಲಿನ ತೊಲೆ ಉದ್ದ ಇರುವ ಹಾಗಿಲ್ಲ, ಕಂಬ ಜಾಸ್ತಿ ಬೇಕು. ಹಾಳೆಯ ಸೇತುವೆ ಮಾಡಿದ ಮಗು ಇದನ್ನು ನಿಂತು ನೋಡುತ್ತದೆ.

ಎರಡನೆಯದು: ಸಿರಿಂಜಿನ ಜೆಸಿಬಿ

ರಸ್ತೆ ಅಗೆಯುವ ಜೆಸಿಬಿ ಮುಂದೆ ನಿಂತು ನೋಡದ ಮಗು ಇಲ್ಲ. ಆ ತೋಳಿನ ಪಕ್ಕ ಹೊಳೆಯುವ ಸ್ಟೀಲ್ ಕಂಬಿ ಹೊರಗೆ ಬರುವುದು, ಒಳಗೆ ಹೋಗುವುದು ಕಾಣುತ್ತದಲ್ಲ, ಅದನ್ನೇ ನಾವು ಮಾಡುವುದು. ಅಲ್ಲಿ ಎಣ್ಣೆ, ಇಲ್ಲಿ ನೀರು.

ಮೆಡಿಕಲ್ ಶಾಪಿನಲ್ಲಿ ಸೂಜಿ ಇಲ್ಲದ ಹೊಸ ಸಿರಿಂಜ್ ಕೇಳಿ: 10 ಎಂಎಲ್ ಎರಡು, 5 ಎಂಎಲ್ ಒಂದು, 20 ಎಂಎಲ್ ಒಂದು. ಸೂಜಿ ಜೊತೆಗೇ ಬಂದರೆ ಅಲ್ಲೇ ವಾಪಸ್ ಕೊಟ್ಟುಬಿಡಿ. ಬಳಸಿದ ಸಿರಿಂಜ್ ಯಾವ ಕಾರಣಕ್ಕೂ ಬೇಡ. ಜೊತೆಗೆ ಒಂದು ಡ್ರಿಪ್ ಸೆಟ್ ತನ್ನಿ. ಅದರ ಚೂಪು ತುದಿ ಕತ್ತರಿಸಿ ಎಸೆದು, ಪೈಪನ್ನು ಮಾತ್ರ ಇಟ್ಟುಕೊಳ್ಳಿ. ಅರ್ಧ ಮೀಟರ್ ತುಂಡು ಈ ಆಟಕ್ಕೆ, ಉಳಿದದ್ದು ಮುಂದಿನ ಕೆಲಸಕ್ಕೆ. ಪೈಪು ಸಿರಿಂಜಿನ ಮೂತಿಗೆ ಹೋಗದಿದ್ದರೆ ತುದಿಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ಮೆತ್ತಗಾಗುತ್ತದೆ.

ನೀರು ತುಂಬುವುದನ್ನು ಬಕೆಟ್ಟಿನೊಳಗೇ ಮಾಡಿ.

1. ಒಂದು ಸಿರಿಂಜನ್ನು ನೀರೊಳಗೆ ಮುಳುಗಿಸಿ ಪೂರ್ತಿ ಎಳೆಯಿರಿ. ಮೂತಿ ಮೇಲೆ ಮಾಡಿ ತಟ್ಟಿ, ಒಳಗಿನ ಗುಳ್ಳೆ ಹೊರಹಾಕಿ.
2. ನೀರೊಳಗೇ ಪೈಪು ಸೇರಿಸಿ ಒತ್ತಿ. ಪೈಪಿನ ಇನ್ನೊಂದು ತುದಿಯಿಂದ ಗುಳ್ಳೆ ಬರುವುದು ನಿಲ್ಲುವವರೆಗೆ ಒತ್ತಬೇಕು.
3. ಪೈಪಿನ ತುದಿ ನೀರೊಳಗೇ ಇರುವಾಗ ಸಿರಿಂಜನ್ನು ಮತ್ತೆ ಪೂರ್ತಿ ಎಳೆದು ತುಂಬಿಸಿ.
4. ಎರಡನೆಯ ಸಿರಿಂಜಿನ ದಂಡವನ್ನು ಪೂರ್ತಿ ಒಳಗೆ ತಳ್ಳಿ, ನೀರೊಳಗೇ ಪೈಪಿಗೆ ಸೇರಿಸಿ.

ಒಂದು ತುಂಬಿರಬೇಕು, ಇನ್ನೊಂದು ಖಾಲಿ ಇರಬೇಕು. ಎರಡೂ ತುಂಬಿದ್ದರೆ ಒತ್ತಲು ಜಾಗವೇ ಇರುವುದಿಲ್ಲ.

ಏನನ್ನೂ ಕಟ್ಟುವ ಮುಂಚೆ ಇದರ ಜೊತೆ ಆಡಿ. ಎರಡು 10 ಎಂಎಲ್ ಸೇರಿಸಿದಾಗ ಒಂದು ಎಷ್ಟು ಒಳಗೆ ಹೋಗುತ್ತದೋ ಇನ್ನೊಂದು ಅಷ್ಟೇ ಹೊರಗೆ ಬರುತ್ತದೆ. ಆಮೇಲೆ 5 ಎಂಎಲ್ ಮಗುವಿನ ಕೈಗೆ, 20 ಎಂಎಲ್ ನಿಮ್ಮ ಕೈಗೆ. ಇಬ್ಬರೂ ಒತ್ತಿ. ಮಗು ನಿಮ್ಮನ್ನು ಸೋಲಿಸಬಹುದು, ನಿಜವಾಗಿಯೂ. ಆದರೆ ಮಗು ತನ್ನ ದಂಡವನ್ನು ಪೂರ್ತಿ ಒತ್ತಿದರೂ ನಿಮ್ಮದು ಸ್ವಲ್ಪವೇ ಜರುಗುತ್ತದೆ. ಬಲ ಸಿಕ್ಕಿತು, ದೂರ ಹೋಯಿತು. ಇದನ್ನು ಅಂಗಳದಲ್ಲಿ ಆಡಿ, ಪೈಪು ಕಳಚಿ ನೀರು ಚಿಮ್ಮುವುದುಂಟು.

ಎಷ್ಟು ಪಟ್ಟು ಬಲ ಅಂತ ಲೆಕ್ಕ ಹಾಕಲು ಒಂದು ಸುಲಭದ ದಾರಿ ಇದೆ. ಸಿರಿಂಜಿನ ಮೇಲಿನ ಗೆರೆಗಳನ್ನು ಸ್ಕೇಲಿನಿಂದ ಅಳೆಯಿರಿ. 10 ಎಂಎಲ್ ಗೆರೆಗಳ ಉದ್ದ 5 ಸೆಂ.ಮೀ. ಬಂತು ಅನ್ನಿ. 10ನ್ನು 5ರಿಂದ ಭಾಗಿಸಿದರೆ 2. ಒಳಗಿನ ವೃತ್ತದ ವಿಸ್ತೀರ್ಣ 2 ಚದರ ಸೆಂ.ಮೀ. ವೃತ್ತದ ಸೂತ್ರ ಇನ್ನೂ ಕಲಿಯದ ಮಗುವೂ ಇದನ್ನು ಮಾಡಬಹುದು. ಎರಡು ಸಿರಿಂಜಿನ ವಿಸ್ತೀರ್ಣ ಸಿಕ್ಕಮೇಲೆ ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ. ಬಲ ಅಷ್ಟು ಪಟ್ಟು. ಮುಚ್ಚಿದ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ ಅಂತ 17ನೇ ಶತಮಾನದಲ್ಲಿ ಫ್ರಾನ್ಸಿನ ವಿಜ್ಞಾನಿ ಪ್ಯಾಸ್ಕಲ್ ಕಂಡುಕೊಂಡದ್ದು ಇದನ್ನೇ.

ಈಗ ತೋಳು. ಅಡಿಗೆ 20 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲದ ರಟ್ಟು, ಎರಡು ಪದರ ಅಂಟಿಸಿದ್ದು. ಅದರ ಮೇಲೆ 12 ಸೆಂ.ಮೀ. ಎತ್ತರದ ಎರಡು ಕಂಬ, ನಡುವೆ ತೋಳು ಹೋಗುವಷ್ಟು ಜಾಗ. ತೋಳು 25 ಸೆಂ.ಮೀ. ಉದ್ದ, ಅದೂ ಎರಡು ಪದರ. ರಟ್ಟಿನೊಳಗೆ ಅಲೆಗಳಿರುತ್ತವಲ್ಲ, ಅವು ತೋಳಿನ ಉದ್ದಕ್ಕೆ ಬರುವ ಹಾಗೆ ಕತ್ತರಿಸಿ. ಅಡ್ಡಕ್ಕೆ ಬಂದರೆ ಮೊದಲ ಭಾರಕ್ಕೇ ಮಡಚಿಕೊಳ್ಳುತ್ತದೆ. ಯಾಕೆ ಅಂತ ಸೇತುವೆ ಮಾಡಿದವರಿಗೆ ಗೊತ್ತು. ಕಂಬದ ತುದಿ ಮತ್ತು ತೋಳಿಗೆ ದಬ್ಬಳದಿಂದ ತೂತು ಮಾಡಿ ಬಿದಿರಿನ ಕಡ್ಡಿ ತೂರಿಸಿ. ತೋಳು ಸಲೀಸಾಗಿ ಆಡಬೇಕು.

ಒಂದು 10 ಎಂಎಲ್ ಸಿರಿಂಜನ್ನು ಕಂಬದ ಬುಡಕ್ಕೆ ಪ್ಲಾಸ್ಟಿಕ್ ಟೈನಿಂದ ಸಡಿಲವಾಗಿ ಕಟ್ಟಿ. ಅಂಟು ಹಾಕಬೇಡಿ. ತೋಳು ಏಳುವಾಗ ಸಿರಿಂಜಿನ ಕೋನವೂ ಬದಲಾಗುತ್ತದೆ, ಅದಕ್ಕೆ ಅಲ್ಲಾಡಲು ಜಾಗ ಬೇಕು. ದಂಡದ ತಲೆಗೆ ಒಂದು ತೂತು ಮಾಡಿ ತೋಳಿಗೆ ಕಡ್ಡಿಯಿಂದ ಸೇರಿಸಿ. ಈ ಜೋಡಣೆಯ ಜಾಗವೇ ಇಡೀ ಯಂತ್ರದ ಜೀವ. ಕೀಲಿನಿಂದ 3 ಸೆಂ.ಮೀ., 5 ಸೆಂ.ಮೀ., 7 ಸೆಂ.ಮೀ. ದೂರದಲ್ಲಿ ಮೂರು ತೂತು ಮಾಡಿಡಿ. ಹತ್ತಿರದ ತೂತಿಗೆ ಸೇರಿಸಿದರೆ ತೋಳು ತುಂಬ ಎತ್ತರಕ್ಕೆ ಏಳುತ್ತದೆ, ಆದರೆ ಭಾರ ಎತ್ತಲು ತಿಣುಕುತ್ತದೆ. ದೂರದ್ದಕ್ಕೆ ಸೇರಿಸಿದರೆ ಭಾರ ಎತ್ತುತ್ತದೆ, ಎತ್ತರ ಕಡಿಮೆ. ತೋಳಿನ ತುದಿಗೆ ಒಂದು ಪುಟ್ಟ ಡಬ್ಬ ಕಟ್ಟಿ, ಅಕ್ಕಿ ತುಂಬಿಸುತ್ತಾ ಮೂರೂ ತೂತುಗಳಿಗೆ ಎತ್ತರ ಮತ್ತು ತೂಕ ಬರೆದುಕೊಳ್ಳಿ.

ತೋಳು ಸ್ಪ್ರಿಂಗ್ ಥರ ಮೆತ್ತಗೆ ಆಡುತ್ತಿದ್ದರೆ ಒಳಗೆ ಗಾಳಿ ಇದೆ ಅಂತ ಅರ್ಥ. ನೀರು ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ನೀವು ಒತ್ತಿದ್ದೆಲ್ಲ ಗುಳ್ಳೆಯನ್ನು ಕುಗ್ಗಿಸುವುದಕ್ಕೇ ಖರ್ಚಾಗುತ್ತದೆ. ಗ್ಯಾರೇಜಿನಲ್ಲಿ ಡಿಸ್ಕ್ ಬ್ರೇಕಿನ ಗಾಳಿ ತೆಗೆಯುವುದನ್ನು ಮಕ್ಕಳಿಗೆ ತೋರಿಸಬಹುದು, ಸಮಸ್ಯೆ ಒಂದೇ. ದಂಡ ತಡೆತಡೆದು ಓಡುತ್ತಿದ್ದರೆ ಎಣ್ಣೆ ಹಾಕಬೇಡಿ. ಎಣ್ಣೆಗೆ ರಬ್ಬರ್ ಉಬ್ಬುತ್ತದೆ, ಇನ್ನೂ ಬಿಗಿಯಾಗುತ್ತದೆ. ಹೊಸ ಸಿರಿಂಜ್ ಹಾಕಿ.

ಮೂರನೆಯದು: ತಾನೇ ಖಾಲಿಯಾಗುವ ಬಾಟಲಿ

ನಾಲ್ಕರಲ್ಲಿ ನನಗೆ ತುಂಬ ಇಷ್ಟದ್ದು ಇದು. ಇದರಲ್ಲಿ ಆಡುವ ಭಾಗವೇ ಇಲ್ಲ. ಮೋಟಾರಿಲ್ಲ, ಸ್ವಿಚ್ಚಿಲ್ಲ. ಆದರೂ ನೀರು ಒಂದು ಮಟ್ಟ ಮುಟ್ಟಿದ ಕೂಡಲೇ ತಾನಾಗಿ ಹೊರಗೆ ಹರಿಯಲು ಶುರುವಾಗಿ, ಪೂರ್ತಿ ಖಾಲಿಯಾದ ಮೇಲೇ ನಿಲ್ಲುತ್ತದೆ.

ವಾಸುದೇವ ಬಟ್ಟಲು ಅಂತ ಹಳೆಯ ಕಾಲದ ಒಂದು ಹಿತ್ತಾಳೆ ಆಟಿಕೆ ಇದೆ. ನಡುವೆ ಮಗು ಕೃಷ್ಣನನ್ನು ಹೊತ್ತ ವಸುದೇವ ನಿಂತಿರುತ್ತಾನೆ. ನೀರು ಹಾಕುತ್ತಾ ಹೋದರೆ ಏರುತ್ತದೆ, ಕೃಷ್ಣನ ಪಾದ ಮುಟ್ಟಿದ ಕೂಡಲೇ ಇಳಿದುಹೋಗುತ್ತದೆ. ಯಮುನೆ ದಾರಿ ಬಿಟ್ಟ ಕಥೆ. ಬೊಂಬೆಯ ಒಳಗೆ ಬಗ್ಗಿದ ಒಂದು ಕೊಳವೆ ಅಡಗಿರುತ್ತದೆ, ಅಷ್ಟೇ.

ಬೇಕಾದದ್ದು ಒಂದು ಲೀಟರಿನ ಖಾಲಿ ನೀರಿನ ಬಾಟಲಿ, ಉಳಿದ ಡ್ರಿಪ್ ಪೈಪು, ಎಂ-ಸೀಲ್, ಒಂದು ತುಂಡು ಗಟ್ಟಿ ತಂತಿ.

ಬಾಟಲಿಯ ತಳ ಕತ್ತರಿಸಿ ತೆಗೆಯಿರಿ. ಮುಚ್ಚಳದ ನಡುವೆ ಬಿಸಿ ಮೊಳೆಯಿಂದ ಪೈಪು ಬಿಗಿಯಾಗಿ ಹೋಗುವಷ್ಟು ತೂತು ಮಾಡಿ. ಇದು ದೊಡ್ಡವರ ಕೆಲಸ, ಕಿಟಕಿ ತೆರೆದಿರಲಿ. ಪೈಪನ್ನು ತೂತಿನಿಂದ ಒಳಕ್ಕೆ ತಂದು, 8 ಸೆಂ.ಮೀ. ಮೇಲೆ ಹೋಗಿ ಬಗ್ಗಿ ಮತ್ತೆ ಕೆಳಗಿಳಿಯುವ ಹಾಗೆ ಮಾಡಿ, ಕೊಡೆಯ ಹಿಡಿಯ ಆಕಾರ. ಇಳಿದ ತುದಿ ಬಾಟಲಿಯ ಕುತ್ತಿಗೆಯ ಹತ್ತಿರಕ್ಕೆ ಬರಬೇಕು, ಆದರೆ ಬಾಟಲಿಗೆ ಅಂಟಿ ಮುಚ್ಚಿಹೋಗಬಾರದು. ಬಾಗಿದ ಕಡೆ ಪೈಪು ಚಪ್ಪಟೆಯಾಗದಂತೆ ತಂತಿಯನ್ನು ಅದೇ ಆಕಾರಕ್ಕೆ ಬಗ್ಗಿಸಿ ಜೊತೆಗೆ ಕಟ್ಟಿ. ಬಾಗು 3 ಸೆಂ.ಮೀ.ನಷ್ಟು ಅಗಲ ಇರಲಿ. ಮುಚ್ಚಳದ ಹೊರಗೆ 15 ಸೆಂ.ಮೀ. ಪೈಪು ನೇತಾಡಲಿ. ಮುಚ್ಚಳದ ತೂತಿನ ಸುತ್ತ ಎರಡೂ ಕಡೆ ಎಂ-ಸೀಲ್ ಮೆತ್ತಿ ಒಂದು ರಾತ್ರಿ ಬಿಡಿ. ಮಕ್ಕಳಿಗೆ ಕಾಯುವುದು ಕಷ್ಟ, ಆದರೆ ಅವಸರ ಮಾಡಿದರೆ ಸೋರುತ್ತದೆ. ಎಂ-ಸೀಲ್ ನಾದುವ ಕೆಲಸ ನಿಮ್ಮದು, ಆಮೇಲೆ ಕೈ ಸೋಪು ಹಾಕಿ ತೊಳೆಯಿರಿ.

ಮರುದಿನ ಬಾಟಲಿಯನ್ನು ತಲೆಕೆಳಗಾಗಿ ಒಂದು ಅಗಲ ಬಾಯಿಯ ಡಬ್ಬದ ಮೇಲೆ ಕೂರಿಸಿ ಲೋಟದಿಂದ ನೀರು ಹಾಕಿ. ಒಂದು ಹನಿಯೂ ಹೊರಗೆ ಬರುವುದಿಲ್ಲ. ಇನ್ನೊಂದು ಲೋಟ. ಬರುವುದಿಲ್ಲ. ನೀರು ಬಾಗಿನ ಮೇಲೆ ಹೋದ ಕೂಡಲೇ ಧಾರೆ ಶುರು. ನೀರು ಹಾಕುವುದನ್ನು ನಿಲ್ಲಿಸಿದರೂ ಧಾರೆ ನಿಲ್ಲುವುದಿಲ್ಲ. ಮಟ್ಟ ಬಾಗಿಗಿಂತ ಎಷ್ಟೋ ಕೆಳಗೆ ಹೋಗಿದ್ದರೂ ನೀರು ಮೇಲೆ ಹತ್ತಿ ಇಳಿಯುತ್ತಲೇ ಇರುತ್ತದೆ. ಒಳಗಿನ ತುದಿಗೆ ಗಾಳಿ ಸಿಕ್ಕಿದಾಗ ಗುಟುಕರಿಸಿ ನಿಲ್ಲುತ್ತದೆ.

ಕಾರಣ ಹೀಗಿದೆ. ಪೈಪಿನ ಒಳಗೂ ಹೊರಗೂ ನೀರು ಒಂದೇ ಮಟ್ಟದಲ್ಲಿ ಏರುತ್ತದೆ. ಬಾಗು ದಾಟಿದ ನೀರು ಹೊರಗಿನ ಉದ್ದದ ಪೈಪನ್ನು ತುಂಬುತ್ತದೆ. ಆ ಕಡೆಯ ನೀರಿನ ಕಂಬ ಉದ್ದ, ಜಾಸ್ತಿ ಭಾರ. ಅದು ಕೆಳಗೆ ಇಳಿದಾಗ ಬಾಗಿನಲ್ಲಿ ಒತ್ತಡ ಕಡಿಮೆಯಾಗುತ್ತದೆ. ಬಾಟಲಿಯ ನೀರಿನ ಮೇಲೆ ಹೊರಗಿನ ಗಾಳಿ ಒತ್ತುತ್ತಲೇ ಇದೆ. ಆ ಒತ್ತಡ ನೀರನ್ನು ಬಾಗಿನವರೆಗೆ ಹತ್ತಿಸುತ್ತದೆ. ಹೀಗೆ ನೀರನ್ನು ಹತ್ತಿಸಿ ಇಳಿಸುವ ಬಾಗಿದ ಕೊಳವೆಗೆ ಸೈಫನ್ ಅನ್ನುತ್ತಾರೆ.

ಈಗ ಪ್ರಯೋಗ. ಹೊರಗಿನ ತುದಿಗೆ ಇನ್ನೊಂದು ತುಂಡು ಪೈಪು ಸೇರಿಸಿ, ತುದಿ ಇನ್ನೂ ಕೆಳಗೆ ಬರುವ ಹಾಗೆ ಮೇಜಿನ ಅಂಚಿನಿಂದ ಇಳಿಬಿಡಿ. ಖಾಲಿಯಾಗಲು ಎಷ್ಟು ಸೆಕೆಂಡು ಹಿಡಿಯಿತು ಅಂತ ಎರಡೂ ಸಲ ಬರೆದುಕೊಳ್ಳಿ. ಆಮೇಲೆ ಹರಿಯುತ್ತಿರುವಾಗಲೇ ಬಾಗಿನ ನೆತ್ತಿಗೆ ಪಿನ್ನಿನಿಂದ ಒಂದು ತೂತು ಚುಚ್ಚಿ. ನೀರಿನ ಮಟ್ಟ ಆ ತೂತಿಗಿಂತ ಕೆಳಗಿದ್ದರೆ ಗಾಳಿ ಒಳಗೆ ನುಗ್ಗಿ ಧಾರೆ ಕಡಿದುಹೋಗುತ್ತದೆ. ಪೈಪು ಒರೆಸಿ ಟೇಪ್ ಸುತ್ತಿ ಮತ್ತೆ ತುಂಬಿಸಿ, ಮತ್ತೆ ಕೆಲಸ ಮಾಡುತ್ತದೆ.

ಇನ್ನೊಂದನ್ನು ತಪ್ಪದೆ ಮಾಡಿ. ಡ್ರಿಪ್ ಪೈಪಿನ ಬದಲು ಒಳಗೆ 1 ಸೆಂ.ಮೀ. ಅಗಲ ಇರುವ ಪೈಪು ಹಾಕಿ ಇನ್ನೊಂದು ಬಾಟಲಿ ಮಾಡಿ. ನಲ್ಲಿಯಿಂದ ಸಣ್ಣಗೆ ನೀರು ಬಿಡಿ. ಈ ಸಲ ಮ್ಯಾಜಿಕ್ ನಡೆಯುವುದಿಲ್ಲ! ನೀರು ಬಾಗಿನ ಮೇಲೆ ತೆಳುವಾಗಿ ಹರಿದು ಪೈಪಿನ ಗೋಡೆ ಹಿಡಿದು ಇಳಿಯುತ್ತದೆ, ಪೈಪಿನ ನಡುವೆ ಗಾಳಿ ಹಾಗೇ ಉಳಿಯುತ್ತದೆ. ಎಷ್ಟು ಒಳಗೆ ಬಂತೋ ಅಷ್ಟೇ ಹೊರಗೆ. ನಲ್ಲಿಯನ್ನು ಜೋರಾಗಿ ತಿರುಗಿಸಿದರೆ ಮಾತ್ರ ಪೈಪು ತುಂಬಿ ಸೈಫನ್ ಹಿಡಿಯುತ್ತದೆ.

ಇದು ಬರೀ ಬಾಟಲಿಯ ತೊಂದರೆ ಅಲ್ಲ. ಅಣೆಕಟ್ಟಿನಲ್ಲಿ ನೀರು ತುಂಬಿದಾಗ ಯಾರೂ ಗೇಟ್ ಎತ್ತದೆ ತಾನಾಗಿ ಹೊರಹೋಗಬೇಕು ಅಂತ ಸೈಫನ್ ಇಡುತ್ತಾರೆ. ಅಲ್ಲಿ ಕೊಳವೆ ಮನುಷ್ಯನಿಗಿಂತ ಅಗಲ. ಅಷ್ಟು ದೊಡ್ಡ ಕೊಳವೆಯ ಗಾಳಿ ಹೊರಗೆ ಹೋಗುವುದು ಹೇಗೆ? ಮೈಸೂರಿನ ಎಂಜಿನಿಯರ್ ಗಣೇಶ್ ಅಯ್ಯರ್ ಅದಕ್ಕೆ ಒಂದು ದಾರಿ ಕಂಡುಹಿಡಿದರು. ಆಲಿಕೆಯ ಥರದ ಬಾಯಿಗೆ ಒಳಗಡೆ ಸುರುಳಿಯಾದ ಏಣುಗಳನ್ನು ಇಟ್ಟರು. ಅಂಚು ದಾಟಿ ಬೀಳುವ ನೀರು ಆ ಏಣುಗಳ ಮೇಲೆ ಹಾದು ಗಿರಗಿರನೆ ಸುತ್ತುತ್ತದೆ, ಸುಳಿ ಏಳುತ್ತದೆ, ಆ ಸುಳಿ ಗಾಳಿಯನ್ನು ಎಳೆದುಕೊಂಡು ಕೆಳಗೆ ಹೋಗುತ್ತದೆ. ಕೊಳವೆ ತುಂಬುತ್ತದೆ, ಸೈಫನ್ ಹಿಡಿಯುತ್ತದೆ. ಶರಾವತಿಯ ಹಿರೇಭಾಸ್ಕರ ಅಣೆಕಟ್ಟಿನಲ್ಲಿ ಇಂಥ ಸೈಫನ್‌ಗಳಿದ್ದವು. ಲಿಂಗನಮಕ್ಕಿ ಬಂದ ಮೇಲೆ ಆ ಅಣೆಕಟ್ಟು ಮುಳುಗಿತು, ಜಲಾಶಯದ ನೀರು ತುಂಬ ಇಳಿದ ವರ್ಷ ಮೇಲೆ ಕಾಣುತ್ತದೆ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಅಣೆಕಟ್ಟಿನಲ್ಲೂ ತಾನಾಗಿ ನೀರು ಬಿಡುವ ಸೈಫನ್ ಇದೆ. ಒಳ್ಳೆ ಮಳೆಯಾದ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗಿ, ಅದು ಹರಿಯುವಾಗ ದೂರದಿಂದ ತೋರಿಸಿ. ತಮ್ಮ ಬಾಟಲಿಯೇ ಅಷ್ಟು ದೊಡ್ಡದಾಗಿ ನಿಂತಿರುವುದು ಅವರಿಗೆ ಗೊತ್ತಾಗುತ್ತದೆ.

ದೊಡ್ಡ ಪೈಪಿನ ಬಾಟಲಿ ಸಣ್ಣ ಧಾರೆಗೂ ಕೆಲಸ ಮಾಡುವಂತೆ ಏನು ಬದಲಿಸಬಹುದು ಅಂತ ಮಕ್ಕಳನ್ನೇ ಕೇಳಿ. ಕೆಲವರು ಹೊರಗಿನ ತುದಿಯನ್ನು ಒಂದು ಬಟ್ಟಲು ನೀರಿನಲ್ಲಿ ಮುಳುಗಿಸುತ್ತಾರೆ, ಕೆಲವರು ಪೈಪನ್ನು ಕೆಳಗೆ ಕಿರಿದು ಮಾಡುತ್ತಾರೆ. ಎಲ್ಲವನ್ನೂ ಮಾಡಿ ನೋಡಲಿ. ಚಿಕ್ಕವರಿದ್ದರೆ ಬಾಗಿನ ಎತ್ತರಕ್ಕೆ ಪಾದ ಬರುವ ಹಾಗೆ ಮಣ್ಣಿನ ಪುಟ್ಟ ಕೃಷ್ಣನನ್ನು ಕೂರಿಸಿ ಕೊಡಿ. ಅವರಿಗೆ ಅಷ್ಟೇ ಸಾಕು, ಇಡೀ ಸಂಜೆ ನೀರು ಹಾಕುತ್ತಾರೆ.

ನಾಲ್ಕನೆಯದು: ಸೇಫ್ಟಿ ಪಿನ್ನಿನ ಮೋಟಾರು

ಹತ್ತು ವರ್ಷ ದಾಟಿದವರಿಗೆ ಇದು. ದೊಡ್ಡ ಟಾರ್ಚ್ ಸೆಲ್ ಒಂದು, ಎರಡು ದೊಡ್ಡ ಸೇಫ್ಟಿ ಪಿನ್, ರಬ್ಬರ್ ಬ್ಯಾಂಡ್, ಒಂದು ಅಯಸ್ಕಾಂತ, ಒಂದು ಮೀಟರ್ ತಾಮ್ರದ ತಂತಿ. ತಂತಿಯನ್ನು ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೇಳಿ, 24 ಅಥವಾ 26 ಗೇಜ್. ಅಯಸ್ಕಾಂತ ಗುಜರಿ ಅಂಗಡಿಯ ಹಳೆಯ ಸ್ಪೀಕರಿನದಾದರೆ ಒಳ್ಳೆಯದು. ಹೊಳೆಯುವ ಸಣ್ಣ ಬಟನ್ ಅಯಸ್ಕಾಂತಗಳನ್ನು ಪುಟ್ಟ ಮಕ್ಕಳಿರುವ ಮನೆಗೆ ತರಲೇಬೇಡಿ. ಎರಡು ನುಂಗಿದರೆ ಕರುಳಿನೊಳಗೆ ಒಂದನ್ನೊಂದು ಹಿಡಿದುಕೊಂಡು ಪ್ರಾಣಕ್ಕೇ ಅಪಾಯ.

ತಂತಿಯನ್ನು ಸೆಲ್ಲಿನ ಸುತ್ತ ಏಳೆಂಟು ಸುತ್ತು ಸುತ್ತಿ ತೆಗೆಯಿರಿ. ಎರಡು ತುದಿಗಳು ಎದುರು ಬದುರಾಗಿ 4 ಸೆಂ.ಮೀ. ಹೊರಗೆ ಇರಲಿ, ಬಳೆಗೆ ಎರಡು ಅಚ್ಚು ಕೊಟ್ಟ ಹಾಗೆ. ಪಿನ್ನುಗಳನ್ನು ಸೆಲ್ಲಿನ ಎರಡು ತುದಿಗೆ ರಬ್ಬರ್ ಬ್ಯಾಂಡಿನಿಂದ ಬಿಗಿದು, ಪಿನ್ನಿನ ಸಣ್ಣ ಕಣ್ಣುಗಳಲ್ಲಿ ತಂತಿಯ ತುದಿ ಕೂರಿಸಿ. ಸುರುಳಿಯ ಕೆಳಗೆ ಸೆಲ್ಲಿನ ಮೇಲೆ ಅಯಸ್ಕಾಂತ.

ಎಲ್ಲ ಗುಟ್ಟು ಕೆರೆಯುವುದರಲ್ಲಿದೆ. ತಂತಿಯ ಮೇಲೆ ಕಣ್ಣಿಗೆ ಕಾಣದ ಲೇಪ ಇರುತ್ತದೆ, ಅದು ಕರೆಂಟು ಬಿಡುವುದಿಲ್ಲ. ಒಂದು ತುದಿಯನ್ನು ಸುತ್ತಲೂ ಉಪ್ಪುಕಾಗದದಿಂದ ಕೆರೆಯಿರಿ. ಇನ್ನೊಂದು ತುದಿಯನ್ನು ಮೇಜಿನ ಮೇಲೆ ಸುರುಳಿಯನ್ನು ನೆಟ್ಟಗೆ ನಿಲ್ಲಿಸಿ ಹಿಡಿದು, ಮೇಲಿನ ಅರ್ಧ ಮಾತ್ರ ಕೆರೆಯಿರಿ. ಪೂರ್ತಿ ಕೆರೆದರೆ ಮೊದಲ ಅರ್ಧ ಸುತ್ತಿನಲ್ಲಿ ಸಿಕ್ಕ ನೂಕು ಮುಂದಿನ ಅರ್ಧದಲ್ಲಿ ಹಿಂದಕ್ಕೆ ತಿರುಗುತ್ತದೆ, ಸುರುಳಿ ಓಲಾಡಿ ನಿಲ್ಲುತ್ತದೆ. ಅರ್ಧ ಕೆರೆದಾಗ ಹಿಂದಕ್ಕೆ ನೂಕುವ ಹೊತ್ತಿಗೆ ಕರೆಂಟೇ ಇರುವುದಿಲ್ಲ, ಬಂದ ವೇಗದಲ್ಲೇ ಸುತ್ತು ಮುಗಿಸುತ್ತದೆ. ಮಿಕ್ಸಿ ರಿಪೇರಿಯವರು "ಕಾರ್ಬನ್ ಹೋಗಿದೆ" ಅನ್ನುತ್ತಾರಲ್ಲ, ಆ ಕಾರ್ಬನ್ ಮತ್ತು ಅದು ಉಜ್ಜುವ ತಾಮ್ರದ ಪಟ್ಟಿಗಳು ಇದೇ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತವೆ.

ಬೆರಳಿನಿಂದ ಮೆಲ್ಲಗೆ ತಟ್ಟಿ ಶುರು ಮಾಡಿ. ತಿರುಗದಿದ್ದರೆ ಸುರುಳಿಯನ್ನು ಕೂಡಲೇ ತೆಗೆಯಿರಿ. ತಂತಿಗೆ ತಡೆ ತುಂಬ ಕಡಿಮೆ, ಹಾಗೇ ಬಿಟ್ಟರೆ ತಂತಿಯೂ ಸೆಲ್ಲೂ ಬಿಸಿಯಾಗುತ್ತವೆ. ಲೇಪ ಪೂರ್ತಿ ಹೋಗಿದೆಯಾ, ಸುರುಳಿ ಒಂದು ಕಡೆ ವಾಲುತ್ತಿದೆಯಾ, ಅಯಸ್ಕಾಂತ ದೂರ ಇದೆಯಾ, ಈ ಕ್ರಮದಲ್ಲಿ ನೋಡಿ. ಹೆಚ್ಚಿನ ಸಲ ಲೇಪವೇ ಕಾರಣ. ತಿರುಗಿದ ಮೇಲೆ ಅಯಸ್ಕಾಂತವನ್ನು ಮಗುಚಿ ಹಾಕಿ, ದಿಕ್ಕು ಬದಲಾಗುತ್ತದೆ.

ಆಟಿಕೆ ಕಾರಿನ ಪುಟ್ಟ ಮೋಟಾರು ಸಿಕ್ಕಿದರೆ ಇದನ್ನೇ ಹಿಂದುಮುಂದಾಗಿ ತೋರಿಸಬಹುದು. ಅದರ ಎರಡು ತಂತಿಗೆ ಒಂದು ಕೆಂಪು ಎಲ್‌ಇಡಿ ಸೇರಿಸಿ, ಅಚ್ಚಿಗೆ ದಾರ ಸುತ್ತಿ ಜೋರಾಗಿ ಎಳೆಯಿರಿ. ಕತ್ತಲಲ್ಲಿ ಎಲ್‌ಇಡಿ ಮಿಣುಕುತ್ತದೆ. ಮಿಣುಕದಿದ್ದರೆ ಅದರ ಕಾಲುಗಳನ್ನು ಅದಲು ಬದಲು ಮಾಡಿ. ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯ ನೀರು ಮಾಡಿದ್ದು ಈ ದಾರದ ಕೆಲಸವನ್ನೇ. ಅಲ್ಲಿ ಹುಟ್ಟಿದ ಕರೆಂಟು ತಂತಿ ಹಿಡಿದು ಕೋಲಾರದ ಚಿನ್ನದ ಗಣಿಗೆ ಹೋಗಿ ಯಂತ್ರಗಳನ್ನು ತಿರುಗಿಸಿತು.

ಇಷ್ಟು ಮಾಡಿದ ಮಗು ಮುಂದೆ ಮನೆಯ ಸಾಮಾನನ್ನೇ ಬಿಚ್ಚಲು ಹೊರಡುತ್ತದೆ. ಕೆಟ್ಟ ಗೋಡೆ ಗಡಿಯಾರ, ಸೆಲ್ ತೆಗೆದ ಆಟಿಕೆ, ಹಳೆಯ ಟಾರ್ಚು ಕೊಡಿ. ಬಿಚ್ಚುವ ಮುಂಚೆ ಫೋಟೋ ತೆಗೆಯಲು, ಸ್ಕ್ರೂಗಳನ್ನು ಬಂದ ಕ್ರಮದಲ್ಲೇ ಟೇಪಿಗೆ ಅಂಟಿಸಿಡಲು ಹೇಳಿ. ಮೈಕ್ರೋವೇವ್, ಹಳೆಯ ಟಿವಿ, ಸಿಎಫ್‌ಎಲ್ ಬಲ್ಬು, ಮೊಬೈಲ್ ಬ್ಯಾಟರಿ ಮಾತ್ರ ಕೊಡಬೇಡಿ. ಮೊದಲೆರಡು ಪ್ಲಗ್ ತೆಗೆದ ಮೇಲೂ ಶಾಕ್ ಹೊಡೆಯಬಹುದು, ಬಲ್ಬಿನಲ್ಲಿ ಪಾದರಸ ಇದೆ, ಬ್ಯಾಟರಿ ಚುಚ್ಚಿದರೆ ಹೊತ್ತಿಕೊಳ್ಳುತ್ತದೆ. ಶಾಲೆಯ ಪ್ರದರ್ಶನಕ್ಕೆ ಇವುಗಳಲ್ಲಿ ಯಾವುದನ್ನಾದರೂ ಒಯ್ಯುವುದಾದರೆ ಬಣ್ಣ ಬಳಿಯಲು ಹೋಗಬೇಡಿ. ಟೇಪ್ ಸುತ್ತಿದ ಆ ಮಾಡೆಲನ್ನು ಹಾಗೇ ಮೇಜಿನ ಮೇಲಿಡಿ, ಪಕ್ಕದಲ್ಲಿ ನೋಟ್‌ಬುಕ್ ತೆರೆದಿಡಿ, ವಿವರಿಸುವುದನ್ನು ಪೂರ್ತಿ ಮಗುವಿಗೇ ಬಿಡಿ.